ಕೀವು ತೊಳೆದ ಕೈ

ಸುಲಭಾಬಾಯಿಯ ಸೊಂಟದ ಹಿಂದಿನ ಹುಣ್ಣಿನಲ್ಲಿ ನನ್ನ ಅವ್ವನ ಮುಷ್ಟಿ ಹಿಡಿಸುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಮ್ಮ ಊರಿನ ದೊಡ್ಡವರು ಧರ್ಮ, ಸಂಸ್ಕೃತಿ, ಶಾಂತಿ ಅಂತ ಬಹಳ ಮಾತಾಡುತ್ತಾರೆ. ಆಗ ಆ ಹುಣ್ಣು ಮರೆತುಹೋಗಬಾರದು.

ಸುಲಭಾಬಾಯಿ ಭಾಲಚಂದ್ರ ಸರ್ ಅವರ ತಾಯಿ. ಸರ್ ಭಾಲ್ಕಿಯ ಕಾಲೇಜೊಂದರಲ್ಲಿ ಪಾಠ ಮಾಡುತ್ತಾರೆ. ಮುಂಜಾನೆ ಬಸ್ಸು ಹತ್ತಿದರೆ ಬರುವುದು ಸಂಜೆಗೆ. ಮನೆ ನಮ್ಮ ಔರಾದದಲ್ಲೇ, ಊರ ನಡುವಿನ ಓಣಿಯಲ್ಲಿ. ಲಕ್ವ ಹೊಡೆದು ಮುದುಕಿಯ ಒಂದು ಬದಿ ಬಿದ್ದುಹೋಗಿತ್ತು. ಉಣ್ಣುವುದು, ಉಚ್ಚೆ, ಹೇಲು ಎಲ್ಲ ಮಲಗಿದ್ದಲ್ಲೇ. ಬೀದರದ ದೊಡ್ಡ ದವಾಖಾನೆಗೆ ಒಯ್ದು ತಂದಿದ್ದರು. ಆಗಾಗ ಮಗ್ಗುಲು ಬದಲಿಸಿ, ದಿನಾ ತೊಳೆಯಿರಿ ಎಂದು ಡಾಕ್ಟರು ಹೇಳಿ ಕಳಿಸಿದ್ದರು. ತೊಳೆಯುವವರು ಯಾರು? ಸೊಸೆ ಮಂಜಿರಿ ಬಾಗಿಲಲ್ಲಿ ನಿಂತು ಮೂಗಿಗೆ ಸೆರಗು ಹಿಡಿದು ಅಳುತ್ತಿದ್ದಳು. ಕೆಲಸಕ್ಕೆ ಇಟ್ಟುಕೊಂಡ ಹೆಂಗಸರು ವಾಸನೆಗೆ ಹೆದರಿ ಬಿಟ್ಟು ಹೋದರು.

ಆಗ ಸರ್ ನಮ್ಮ ಗಲ್ಲಿಗೆ ಬಂದರು.

ನಮ್ಮ ಗಲ್ಲಿ ಊರ ಅಂಚಿಗೆ ಇದೆ. ನನ್ನ ಮುತ್ತಜ್ಜ ಸತ್ತ ದನ ಎಳೆಯುತ್ತಿದ್ದ. ಅಜ್ಜ ಕ್ರಿಸ್ತಾನನಾದ. ಹೆಸರು ಬದಲಾಯಿತು, ಹಾಡು ಬದಲಾಯಿತು, ಗಲ್ಲಿ ಮಾತ್ರ ಅಲ್ಲೇ ಉಳಿಯಿತು. ಕಾಗದದಲ್ಲಿ ನಾವು ಕ್ರಿಶ್ಚಿಯನ್ನರು. ಹೋಟೆಲಿನ ಬಾಗಿಲಲ್ಲಿ ನಿಂತರೆ ನಾವು ಯಾರ ಮಕ್ಕಳು, ಯಾರ ಮೊಮ್ಮಕ್ಕಳು ಎಂಬುದು ಎಲ್ಲರಿಗೂ ಗೊತ್ತು.

ಅವ್ವ ಬೀದರದ ದವಾಖಾನೆಯೊಂದರಲ್ಲಿ ಆಯಾ ಆಗಿದ್ದವಳು. ಅಪ್ಪ ತೀರಿಕೊಂಡ ಮೇಲೆ ಔರಾದಕ್ಕೆ ತಿರುಗಿ ಬಂದಳು. ಊರಲ್ಲಿ ಯಾರು ಹಾಸಿಗೆ ಹಿಡಿದರೂ ಹೋಗುತ್ತಾಳೆ. ಹಿಂದೂ, ಮುಸಲ್ಮಾನ, ನಮ್ಮವರು ಅಂತ ನೋಡುವುದಿಲ್ಲ. ನಾನು ಬಾಗಿಲಲ್ಲಿ ಮಷಿನ್ ಇಟ್ಟುಕೊಂಡು ಬ್ಲೌಸ್ ಹೊಲಿಯುತ್ತೇನೆ. ಅವತ್ತೂ ಹೊಲಿಯುತ್ತಿದ್ದೆ. ಸರ್ ಚಪ್ಪಲಿ ಬಿಟ್ಟು, ಎರಡೂ ಕೈ ಜೋಡಿಸಿ ನಿಂತದ್ದನ್ನು ನನ್ನ ಕಣ್ಣಾರೆ ನೋಡಿದ್ದೇನೆ.

"ದೀನಮ್ಮಾರ, ನಮ್ಮ ಆಯಿ ಸಾಯ್ಲತ್ತಾಳ್ರಿ. ಒಂದ್ ಸಲ ಬಂದು ನೋಡ್ರಿ."

ಅವ್ವ ಕುದಿಸಿದ ನೀರಿಗೆ ಉಪ್ಪು, ಬೇವಿನೆಲೆ, ಹಳೆಯ ಧೋತ್ರದ ಅರಿವೆ ಬೇಕು ಎಂದಳು. ಬೇರೆ ಏನೂ ಕೇಳಲಿಲ್ಲ.

ಮಾರನೆಯ ದಿನದಿಂದ ಹೋದಳು. ಹಿತ್ತಲ ಬಾಗಿಲಿನಿಂದ. ಮುದುಕಿಯನ್ನು ಮಗ್ಗುಲಿಗೆ ಹೊರಳಿಸುವುದು, ಹೇಲು ಬಳಿಯುವುದು, ಕೊಳೆತ ಮಾಂಸ ಬಿಡಿಸುವುದು, ಕೀವು ಹಿಂಡುವುದು, ತೊಳೆದು ಒರೆಸಿ ಪಟ್ಟಿ ಕಟ್ಟುವುದು. ಮುದುಕಿ ಮೈಭಾರದ ಹೆಂಗಸು. ಅವ್ವನದು ಕಡ್ಡಿ ಮೈ. ಮನೆಗೆ ಬಂದರೆ ಅವಳ ಸೊಂಟ ನೆಟ್ಟಗಾಗುತ್ತಿರಲಿಲ್ಲ. ಮೈ ತೊಳೆದುಕೊಂಡರೂ ನಾರುತ್ತಿದ್ದಳು. ಅವಳ ತಟ್ಟೆಯ ಎದುರು ಕೂತು ನನಗೆ ಉಣ್ಣಲು ಆಗುತ್ತಿರಲಿಲ್ಲ.

ಒಂದು ದಿನ ಅವ್ವ ಪಟ್ಟಿಯ ಅರಿವೆ ಮರೆತು ಹೋದಳು. ಕೊಡಲು ನಾನು ಹೋದೆ. ಅವ್ವ ಹಿತ್ತಲ ಕಲ್ಲಿನ ಮೇಲೆ ಕೂತು ನೀರು ಕುಡಿಯಲು ಬೊಗಸೆ ಹಿಡಿದಿದ್ದಳು. ಮಂಜಿರಿ ಮೇಲಿನಿಂದ ನೀರು ಹೊಯ್ಯುತ್ತಿದ್ದಳು. ಚೊಂಬು ಅವ್ವನ ಕೈಗೆ ತಾಗದಂತೆ ಎತ್ತರದಲ್ಲಿ ಹಿಡಿದಿದ್ದಳು. ನೀರು ಅವ್ವನ ಮೊಣಕೈಯಿಂದ ಸೋರಿ ಮಡಿಲು ತೊಯ್ಯುತ್ತಿತ್ತು.

ಮನೆಗೆ ಬರುವ ದಾರಿಯಲ್ಲೇ ಜಗಳ ತೆಗೆದೆ.

"ಅವರತ್ತಿ ಹೇಲು ಬಳಿಯಾಕ ನಿನ್ನ ಕೈ ಬೇಕು. ನೀರ ಕುಡಿಯಾಕ ಒಂದ್ ಗ್ಲಾಸ ಇಲ್ಲೇನು? ನಾಚ್ಕಿ ಬರಲ್ಲ ನಿನಗ?"

"ಗ್ಲಾಸ ಅವರದು," ಅಂದಳು ಅವ್ವ. "ಹುಣ್ಣು ಸುಲಭಾಬಾಯಿದು. ನಾ ಹುಣ್ಣು ನೋಡಾಕ ಹೋಗ್ತೇನಿ."

"ಯೇಸಪ್ಪ ಹೇಳ್ಯಾನೇನು ಹಿಂಗ ಬೊಗಸಿ ಒಡ್ಡು ಅಂತ?"

"ಇಲ್ಲ. ಬ್ಯಾನಿ ಬಿದ್ದೋರನ್ನ ಬಿಡಬ್ಯಾಡ ಅಂತಷ್ಟೇ ಹೇಳ್ಯಾನ."

ನಾನು ಅವತ್ತು ಅವಳ ಜೊತೆ ಮಾತು ಬಿಟ್ಟೆ. ಅವಳ ದಯೆಯ ಮೇಲೆ ನನಗೆ ಸಿಟ್ಟಿತ್ತು. ಈ ದಯೆ ಎಂಬುದು ನಮ್ಮಂಥವರಿಗೆ ಮಾತ್ರ ಯಾಕೆ? ಉಳ್ಳವರು ಹುಣ್ಣು ಮಾಡಿಕೊಳ್ಳಬೇಕು, ನಾವು ತೊಳೆಯಬೇಕು, ಅದಕ್ಕೆ ಸೇವೆ ಎಂದು ಹೆಸರಿಡಬೇಕು. ಮುತ್ತಜ್ಜ ದನ ಎಳೆದದ್ದಕ್ಕೂ ಇದಕ್ಕೂ ಏನು ಫರಕು? ನನಗೆ ಗೊತ್ತಾಗುತ್ತಿರಲಿಲ್ಲ. ಅವ್ವನಿಗೆ ಗೊತ್ತಿತ್ತೋ ಏನೋ. ಅವಳು ಹೇಳುವವಳಲ್ಲ.

ಹುಣ್ಣು ಸಣ್ಣದಾಗತೊಡಗಿತು. ಕೆಂಪು ಮಾಂಸ ಕಂಡಿತು. ಸುಲಭಾಬಾಯಿಗೆ ಮಾತೂ ತುಸು ಬಂತು. ಮರಾಠಿ, ಕನ್ನಡ ಕೂಡಿಸಿ ತೊದಲುತ್ತಿದ್ದಳು. ಒಂದು ಮಧ್ಯಾಹ್ನ ಪಟ್ಟಿ ಬಿಚ್ಚುವಾಗ ಉರಿ ತಾಳಲಾರದೆ ಅವ್ವನ ಸೆರಗು ಹಿಡಿದು ಕೇಳಿದಳಂತೆ.

"ದೀನಾ, ನೀ ನಿನ್ನ ದೇವರಿಗಿ ಏನಂತೀ? ನನ್ನ ಸಲುವಾಗೂ ಅನ್ನು. ನಿದ್ದಿ ಬರವಲ್ದು."

ಅವ್ವ ಕೈ ತೊಳೆದುಕೊಂಡು ಮುದುಕಿಯ ಹಣೆಯ ಮೇಲೆ ಇಟ್ಟಳು. "ಅಪ್ಪಾ, ಈ ತಾಯಿಗಿ ಭಾಳ ತ್ರಾಸ ಆಗ್ಲತ್ತದ. ಒಂದೀಟ ನಿದ್ದಿ ಕೊಡಪ್ಪ" ಅಂದಳು. ಇಷ್ಟೇ. ಮುದುಕಿ ಮಲಗಿದಳು.

ಎದುರು ಮನೆ ಹಾವಗೆಪ್ಪನದು. ಗುತ್ತಿಗೆದಾರ, ಊರಿನ ಮುಖಂಡ. ಅವನ ಮನೆಯ ಹುಡುಗರು ಕಿಟಕಿಯಿಂದ ಮೊಬೈಲಿನಲ್ಲಿ ಅದನ್ನು ತೆಗೆದಿದ್ದರು. ಸಂಜೆಯೊಳಗೆ ಔರಾದದ ಎಲ್ಲರ ಮೊಬೈಲಿಗೂ ಬಂತು. ಅದರಲ್ಲಿ ಅವ್ವನ ಕೈ ಇತ್ತು, ಮುದುಕಿಯ ಹಣೆ ಇತ್ತು. ಹುಣ್ಣು ಇರಲಿಲ್ಲ. ಹುಣ್ಣನ್ನು ಯಾರೂ ತೆಗೆದಿರಲಿಲ್ಲ. ಕೆಳಗೆ ಬರೆದಿದ್ದರು: ರೋಗಿಯ ಮನೆಯಲ್ಲಿ ಮತಾಂತರ.

ಆ ಭಾನುವಾರ ನಾವು ಆರಾಧನೆ ಮುಗಿಸಿ ಹೊರಬರುವಾಗ ಚರ್ಚಿನ ಅಂಗಳ ತುಂಬ ಗಂಡಸರು. ಮುಂದೆ ಹಾವಗೆಪ್ಪ. ಅವನ ಪಕ್ಕ ಭಾಲಚಂದ್ರ ಸರ್. ಪಾಸ್ಟರ್ ಬಿಳಿ ನಿಲುವಂಗಿಯಲ್ಲೇ ಓಡಿ ಬಂದು ಅವರಿಗೆ ಕುರ್ಚಿ ಹಾಕಿಸಿದರು. ನಮ್ಮವರೆಲ್ಲ ಗೋಡೆಗೆ ಆತು ನಿಂತರು. ಅವ್ವನೊಬ್ಬಳನ್ನು ನಡುವೆ ನಿಲ್ಲಿಸಿದರು.

"ಏನಮ್ಮ," ಅಂದ ಹಾವಗೆಪ್ಪ. "ಜಡ್ಡು ಬಿದ್ದೋರ ಮನಿ ಹುಡುಕಿ ಹುಡುಕಿ ಹೋಗ್ತೀ? ತಲಿ ಮ್ಯಾಲ ಕೈ ಇಟ್ಟು ಏನ್ ಮಂತ್ರ ಹಾಕ್ದಿ?"

"ಮಂತ್ರ ಅಲ್ರಿ. ನಿದ್ದಿ ಬರ್ಲಿ ಅಂತ ಬೇಡ್ಕೊಂಡೆ. ಸುಲಭಾಬಾಯಿನೇ ಕೇಳಿದ್ರು."

"ಮಾತ ಬರದ ಮುದುಕಿ ನಿನಗ ಕೇಳಿದ್ಳು?" ಅವನು ನಕ್ಕ. ಹಿಂದಿದ್ದವರೂ ನಕ್ಕರು. "ಸರ್, ನೀವೇ ಹೇಳ್ರಿ. ಈಕಿನ್ನ ನೀವು ಕರ್ದೀರೇನು?"

ಭಾಲಚಂದ್ರ ಸರ್ ನೆಲ ನೋಡಿದರು. ನಾನು ಅವರನ್ನೇ ನೋಡುತ್ತಿದ್ದೆ. ಆ ಎರಡು ಕೈ ಜೋಡಿಸಿದ್ದ ಮನುಷ್ಯ ಬಾಯಿ ತೆರೆದ.

"ಇಲ್ರಿ. ಆಕಿನೇ ಬರ್ತಿದ್ಳು."

ನಮ್ಮ ಮನೆ ಬಾಗಿಲಲ್ಲಿ ಅವ್ವ ದೀನಮ್ಮಾರು ಆಗಿದ್ದಳು. ಚರ್ಚಿನ ಅಂಗಳದಲ್ಲಿ ಆಕಿ ಆದಳು.

"ಸುಳ್ಳು," ಎಂದು ನಾನು ಒದರಿದೆ. "ನೀವು ನಮ್ಮ ಮನಿಗಿ ಬಂದಿದ್ರಿ ಸರ್. ಚಪ್ಪಲಿ ಬಿಟ್ಟು ನಿಂತಿದ್ರಿ." ಯಾರೋ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಳೆದರು. ನಮ್ಮವರೇ.

ಪಾಸ್ಟರ್ ಅವ್ವನ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ನೆಲ ಮುಟ್ಟಿ ತಪ್ಪಾಯ್ತು ಅಂದ್ಬಿಡ್ರಿ ದೀನಮ್ಮ. ನಾಳಿ ಚರ್ಚಿಗಿ ಕಲ್ಲು ಬಿದ್ರ ಯಾರು ಹೊಣಿ? ಎಲ್ಲರ ಸಲುವಾಗಿ ಅಂದ್ಬಿಡ್ರಿ."

ಅವ್ವ ಪಾಸ್ಟರರ ಮುಖ ನೋಡಿದಳು. ಅವಳ ಕಣ್ಣಲ್ಲಿ ಸಿಟ್ಟು ಇರಲಿಲ್ಲ. ಅವರು ಹೇಳಿದ್ದು ತಿಳಿಯಲಿಲ್ಲ ಎಂಬಂತೆ ನೋಡಿದಳು.

"ಹುಣ್ಣು ತೊಳದಿದ್ದು ತಪ್ಪಲ್ಲ," ಅಂದಳು. "ಬೇಡ್ಕೊಂಡಿದ್ದೂ ತಪ್ಪಲ್ಲ. ತಪ್ಪಲ್ಲದ್ದಕ್ಕ ತಪ್ಪಾಯ್ತು ಅಂದ್ರ ಸುಳ್ಳಾಗ್ತದ. ಇಲ್ಲಿ ನಿಂತು ಸುಳ್ಳು ಹ್ಯಾಂಗ ಹೇಳ್ಲಿ? ನಾ ಅನ್ನಲ್ಲ."

"ಅನ್ನಸ್ತೇವು," ಎಂದು ಹಿಂದಿನಿಂದ ಒಬ್ಬ ಬಂದ. ಅವ್ವನ ಕುತ್ತಿಗೆಗೆ ಕೈ ಹಾಕಿ ಬಗ್ಗಿಸಿದ. ಅವಳು ಮೊಣಕಾಲೂರಿ ಬಿದ್ದಳು. ಬಲಗೈ ಹಿಡಿದು ನೆಲಕ್ಕೆ ಒತ್ತಿದರು. ಮೊರಂ ಹರಳು ಹಾಕಿದ ಅಂಗಳ. ಬೂಟುಗಾಲೊಂದು ಆ ಕೈ ಮೇಲೆ ಬಂತು. "ಅನ್ನು." ಅವ್ವ ಅನ್ನಲಿಲ್ಲ. ಬೂಟು ತಿರುಗಿತು. "ಅನ್ನು." ಬೆರಳು ಮುರಿದ ಸದ್ದು ನನಗೆ ಕೇಳಿಸಿತು. ಅವ್ವ ಉಸಿರು ಎಳೆದುಕೊಂಡಳು. ಅಷ್ಟೇ. ಪಾಸ್ಟರ್ ಆ ಕಡೆ ತಿರುಗಿ ನಿಂತಿದ್ದರು. ಸರ್ ಇನ್ನೂ ನೆಲವನ್ನೇ ನೋಡುತ್ತಿದ್ದರು. ಆ ನೆಲದ ಮೇಲೆಯೇ ಅವ್ವನ ಕೈ ಇತ್ತು.

ಗೇಟಿನಲ್ಲಿ ಆಟೋ ನಿಲ್ಲಿಸಿದ್ದ ಜುಲ್ಫೀಕಾರ ನುಗ್ಗಿ ಬಂದ. ಅವನ ಅಮ್ಮಿಗೆ ಅವ್ವ ಬಾಣಂತನ ಮಾಡಿದವಳು. ಅವ್ವನನ್ನು ಅವನು ಖಾಲಾ, ಅಂದರೆ ಚಿಕ್ಕವ್ವ, ಎಂದು ಕರೆಯುತ್ತಾನೆ. "ಬಿಡ್ರಿ, ಸತ್ತಗಿತ್ತಾಳು. ಆಮ್ಯಾಲ ಕೋರ್ಟು ಕಚೇರಿ ಅಂತ ನೀವೇ ತಿರಗಬೇಕಾಗ್ತದ" ಅಂದ. ಆ ಮಾತಿಗೆ ಬೂಟು ಎದ್ದಿತು. ಅವ್ವನ ನೋವಿಗೆ ಎದ್ದದ್ದಲ್ಲ.

ಅಂಗಳದಲ್ಲೇ ತೀರ್ಮಾನವಾಯಿತು. ದೀನಮ್ಮ ಊರ ನಡುವಿನ ಓಣಿಗೆ ಕಾಲಿಡಬಾರದು. ಪಾಸ್ಟರ್ ತಮ್ಮದೊಂದು ಸೇರಿಸಿದರು. ತಪ್ಪಾಯ್ತು ಅನ್ನುವ ತನಕ ಅವಳಿಗೆ ಪ್ರಭು ಭೋಜನ, ಯೇಸುವಿನ ಹೆಸರಲ್ಲಿ ಹಂಚುವ ರೊಟ್ಟಿ ತುಂಡು, ಇಲ್ಲ. ಬಂದವರಿಗೆ ಚಹಾ ಕೊಟ್ಟರು. ಗಾಜಿನ ಗ್ಲಾಸಿನಲ್ಲಿ.

ಜುಲ್ಫೀಕಾರ ಆಟೋದಲ್ಲಿ ದವಾಖಾನೆಗೆ ಒಯ್ದ. ಬೆರಳು ಕಟ್ಟಿದರು. ಅದು ಕೂಡಿತು, ಆದರೆ ಮತ್ತೆ ಬಗ್ಗಲಿಲ್ಲ.

ಬೆರಳಿಗಿಂತ ಅವ್ವನಿಗೆ ಹೆಚ್ಚು ನೋವಾದದ್ದು ಆ ರೊಟ್ಟಿ ತುಂಡು ತಪ್ಪಿದ್ದಕ್ಕೆ. ನಾನು ಎಷ್ಟು ಬೈದರೂ ಭಾನುವಾರ ತಪ್ಪಿಸಲಿಲ್ಲ. ಕೊನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಲ್ಲರೂ ಭೋಜನಕ್ಕೆ ಎದ್ದಾಗ ಅವಳ ಸುತ್ತ ಬೆಂಚು ಖಾಲಿಯಾಗುತ್ತಿತ್ತು. ಅವಳು ತನ್ನ ಬಗ್ಗದ ಬೆರಳನ್ನು ತೊಡೆಯ ಮೇಲಿಟ್ಟುಕೊಂಡು ಹಾಡು ಹಾಡುತ್ತಿದ್ದಳು.

ಬೇಸಿಗೆ ಏರಿದ ಮೇಲೆ, ಒಂದು ಮಧ್ಯಾಹ್ನ, ನಮ್ಮ ಬಾಗಿಲಲ್ಲಿ ಬೈಕು ನಿಂತಿತು. ಹೆಲ್ಮೆಟ್ಟಿನ ಗಾಜು ಇಳಿಸಿಕೊಂಡೇ ಒಳಗೆ ಬಂದವರು ಭಾಲಚಂದ್ರ ಸರ್. ನಾನು ಮಷಿನ್ ನಿಲ್ಲಿಸಿದೆ. ಕೈಯಲ್ಲಿ ಕತ್ತರಿ ಇತ್ತು. ಕೆಳಗಿಡಲಿಲ್ಲ.

"ದೀನಮ್ಮಾರ," ಅಂದರು. ಮತ್ತೆ ದೀನಮ್ಮಾರು. "ಹುಣ್ಣಿನ್ಯಾಗ ಹುಳ ಬಿದ್ದಾವ್ರಿ."

ಅವ್ವ ಜೋಳ ಹಸನು ಮಾಡುತ್ತಿದ್ದಳು. ಕೈ ನಿಂತಿತು.

"ಆಯಿ ಯಾರನ್ನೂ ಮುಟ್ಟಗೊಡವಲ್ಳು. ನಿಮ್ಮ ಹೆಸರು ಹಿಡಿದು ಒದರ್ತಾಳ. ಮುಸ್ಸಂಜಿ ಆದ ಮ್ಯಾಲ ಹಿತ್ತಲ ಬಾಗ್ಲಿಂದ ಬಂದು ಹೋಗ್ರಿ. ಯಾರಿಗೂ ಗೊತ್ತಾಗಲ್ಲ. ಪ್ರಾರ್ಥನಿ ಗೀರ್ಥನಿ ಮಾತ್ರ ಬ್ಯಾಡ್ರಿ."

ಅವ್ವ ಜೋಳದಿಂದ ಒಂದು ಕಲ್ಲು ಆರಿಸಿ ಎಸೆದಳು. ಎದ್ದು ಹೊರಟೇಬಿಡುತ್ತಾಳೆ ಎಂದು ನನಗೆ ಹೆದರಿಕೆ. ಹೊರಟರೆ ಅವಳ ಕಾಲು ಮುರಿಯಬೇಕು ಎನ್ನುವಷ್ಟು ಸಿಟ್ಟು.

"ನಾ ಬರಲ್ಲ ಸರ್," ಅಂದಳು.

"ಏನಂದ್ರಿ?"

"ಕಳ್ಳರಂಗ ಬರಲ್ಲ. ನಿಮ್ಮ ಓಣಿಗಿ ನಾ ಕಾಲಿಡಬಾರ್ದಂತ ನಿಮ್ಮ ಮುಂದೇ ಹೇಳ್ಯಾರ. ನೀವು ಸುಮ್ಮಿದ್ರಿ. ನಿಮ್ಮ ಆಯಿ ನಮ್ಮ ಗಲ್ಲಿಗಿ ಬರಬಾರ್ದಂತ ಯಾರೂ ಹೇಳಿಲ್ಲ. ಇಲ್ಲಿಗಿ ಕರ್ಕೊಂಡು ಬರ್ರಿ. ಹಗಲಿನ್ಯಾಗ."

"ಮಂದಿ ಏನಂತಾರ್ರಿ?"

"ಅದು ನಿಮಗ ಬಿಟ್ಟಿದ್ದು. ನನಗ ಅಂದಿದ್ದು ನಾ ಕೇಳೇನಿ."

ಸರ್ ಹೆಲ್ಮೆಟ್ಟಿನ ಗಾಜು ಎತ್ತಿ ನನ್ನ ಕಡೆ ನೋಡಿದರು. ನಾನಾದರೂ ಏನಾದರೂ ಹೇಳಲಿ ಎಂದಿರಬೇಕು. ನಾನು ಕತ್ತರಿಯಿಂದ ಬಾಗಿಲು ತೋರಿಸಿದೆ.

ಅವತ್ತು ನಾನು ಗೆದ್ದೆ ಅಂದುಕೊಂಡೆ. ಅವ್ವ ಊಟ ಮಾಡಲಿಲ್ಲ. "ಹುಳ ಕಡೀತಾವ ಎಸ್ತೇರ. ಒಳಗ ಹರದಾಡ್ತಾವ" ಅಂದಳು. "ನೀ ಬ್ಯಾಡ ಅಂದದ್ದು ಛಲೋ ಆಯ್ತವ್ವ" ಅಂದೆ. "ಏನ್ ಛಲೋ," ಅಂದಳು. "ಆಕಿ ಏನ್ ಮಾಡ್ಯಾಳ?" ಬ್ಯಾಡ ಅನ್ನುವುದಕ್ಕೂ ಅವಳು ಬೆಲೆ ತೆರುತ್ತಿದ್ದಳು.

ಮರುದಿನ ಹೊತ್ತೇರಿದ ಮೇಲೆ ಜುಲ್ಫೀಕಾರನ ಆಟೋ ಬಂತು. ಗಲ್ಲಿಯ ಬಾಯಲ್ಲೇ ನಿಂತಿತು. ಒಳಗೆ ಬರಲು ಜಾಗವಿಲ್ಲ. ಜುಲ್ಫೀಕಾರ ಓಡಿ ಬಂದು ಹೇಳಿದ. "ಖಾಲಾ, ಮುದುಕಿ ನೀರ್ ಸುದ್ದಾ ಬಿಟ್ಟಾಳ. ದೀನಾನ ಮನಿಗಿ ಒಯ್ಯಿ, ಇಲ್ಲಂದ್ರ ಸಾಯಗೊಡು ಅಂದಾಳಂತ."

ಭಾಲಚಂದ್ರ ಸರ್ ತಾಯಿಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಗಲ್ಲಿಯೊಳಗೆ ನಡೆದು ಬಂದರು. ಗಲ್ಲಿಯೇ ಹೊರಗೆ ನಿಂತಿತ್ತು. ಮುದುಕಿಯ ಸೀರೆಯಿಂದ ಕೀವು ಸೋರಿ ಅವರ ಬಿಳಿ ಅಂಗಿ ತೊಯ್ದಿತ್ತು. ಅವರು ಮುಖ ಎತ್ತಲಿಲ್ಲ. ಯಾರೂ ನಗಲಿಲ್ಲ. ನಮ್ಮ ಗಲ್ಲಿಯವರಿಗೆ ಭಾರ ಹೊತ್ತವರನ್ನು ನೋಡಿ ನಗುವ ರೂಢಿಯಿಲ್ಲ.

ಅವ್ವ ಮಂಚ ಹಾಸಿದ್ದಳು. ನೀರು ಕುದಿಸಿದ್ದಳು. ಬರುತ್ತಾರೆಂದು ಅವಳಿಗೆ ಹೇಗೆ ಗೊತ್ತಿತ್ತೋ. ಮುದುಕಿಯನ್ನು ಬೋರಲು ಮಲಗಿಸಿ ಪಟ್ಟಿ ಬಿಚ್ಚಿದಳು. ನಾನು ಹೊರಗೆ ಓಡಿದೆ. ತಿರುಗಿ ಬಂದಾಗ ಅವ್ವ ಸರ್ ಅವರ ಕೈಗೆ ಅರಿವೆ ಕೊಡುತ್ತಿದ್ದಳು.

"ನೀವು ತೊಳೀರಿ."

"ನಾನಾ? ನನಗ ಬರಲ್ರಿ."

"ನನಗೂ ಬರಲ್ಲ ಈಗ." ಅವ್ವ ಬಲಗೈ ಎತ್ತಿ ತೋರಿಸಿದಳು. "ಈ ಬೆರಳು ಬಗ್ಗಲ್ಲ. ಹುಳ ಹಿಡಿಯಾಕ ಆಗಲ್ಲ. ಕೂಡ್ರಿ. ನಾ ಹೇಳ್ತೇನಿ."

ಸರ್ ಆ ಬೆರಳನ್ನು ನೋಡಿದರು. ಕೂತರು. ಒಂದೊಂದೇ ಹುಳ ತೆಗೆದರು. ನಡುವೆ ಮೊಣಕೈ ಮಡಚಿ ಮೂಗು ಮುಚ್ಚಿಕೊಂಡರು. "ಮೂಗು ಬಿಡ್ರಿ, ನಿಮ್ಮ ಆಯಿ ಇದ್ದಾಳ" ಅಂದಳು ಅವ್ವ. ಅವಳ ದನಿಯಲ್ಲಿ ಕರುಣೆಯೂ ಇರಲಿಲ್ಲ, ಕಡುಪೂ ಇರಲಿಲ್ಲ. ಸುಲಭಾಬಾಯಿ ಹಲ್ಲು ಕಚ್ಚಿಕೊಂಡು ಮಗನನ್ನು ಕೇಳಿದಳು.

"ಬಾಳಾ, ನಾನೇ ಕರ್ದಿದ್ದೆ ಅಂತ ಹೇಳ್ದ್ಯಾ ಮಂದಿಗಿ?"

ಸರ್ ಅರಿವೆ ಹಿಂಡಿದರು.

ಮುದುಕಿ ನಮ್ಮ ಮನೆಯಲ್ಲೇ ಉಳಿದಳು. ನಮ್ಮ ಗ್ಲಾಸಿನಲ್ಲಿ ನೀರು ಕುಡಿದಳು. ಅವ್ವ ಅಂಬಲಿ ಕುಡಿಸುವಳು, ನಾನು ಮಗ್ಗುಲು ಹೊರಳಿಸುವೆ. ಮೊದಲ ಸಲ ಮುಟ್ಟುವಾಗ ನನಗೆ ಸಿಟ್ಟೇ ಇತ್ತು. ಆ ಮೈ ಬಿಸಿಯಾಗಿತ್ತು, ಭಾರವಾಗಿತ್ತು. ಯಾರ ಮೈ ಆದರೂ ಹಾಗೇ ಇರುತ್ತದೆ. ಅವಳು ಪ್ರಾರ್ಥನೆ ಮಾಡು ಅಂದಾಗಲೆಲ್ಲ ಅವ್ವ ಮಾಡಿದಳು. ಬಾಗಿಲು ತೆಗೆದಿಟ್ಟೇ ಮಾಡಿದಳು. ಹಾವಗೆಪ್ಪನ ಮಂದಿ ಗಲ್ಲಿಯ ಬಾಯಿಯ ತನಕ ಬಂದು ಹೋದರು. ಮಗನೇ ಹೊತ್ತು ತಂದು ಹಾಕಿದ್ದನ್ನು ಊರೇ ನೋಡಿತ್ತು. ಏನು ಮಾಡಬೇಕೆಂದು ಅವರಿಗೆ ತಿಳಿಯಲಿಲ್ಲ.

ಆದರೆ ತಡವಾಗಿತ್ತು. ನಂಜು ರಕ್ತಕ್ಕೆ ಏರಿತ್ತು. ಜ್ವರ ಬಂದಾಗ ಅವ್ವನೇ ಹಟ ಮಾಡಿ ಬೀದರಕ್ಕೆ ಒಯ್ಯಿಸಿದಳು. ದವಾಖಾನೆಯಲ್ಲಿ ಮುದುಕಿ ಅವ್ವನ ಸೆರಗು ಹಿಡಿದೇ ಪ್ರಾಣ ಬಿಟ್ಟಳು. ಬಿಡಿಸಲು ಬೆರಳು ಒಂದೊಂದಾಗಿ ಎತ್ತಬೇಕಾಯಿತು.

ಹೆಣ ಊರ ನಡುವಿನ ಓಣಿಗೆ ಹೋಯಿತು. ಅವ್ವ ಓಣಿಯ ತುದಿಯಲ್ಲಿ ನಿಂತಳು. ನಾನು ಅವಳ ಜೊತೆ ನಿಂತೆ. ಅಂಗಳದಲ್ಲಿ ಹೆಂಗಸರು ಹೆಣಕ್ಕೆ ಗೋಮೂತ್ರ ಹೊಯ್ದರು. ಮತ್ತೆ ನೀರು. ಮತ್ತೆ ಗೋಮೂತ್ರ. ನಮ್ಮ ಮಂಚ, ನಮ್ಮ ಗ್ಲಾಸು, ನಮ್ಮ ಕೈ, ಎಲ್ಲವೂ ತೊಳೆದು ಹೋಗಬೇಕಿತ್ತು. ಬದುಕಿದ್ದಾಗ ಒಂದು ಚೊಂಬು ನೀರು ಹಾಕಿ ತೊಳೆಯದವರು ಸತ್ತ ಮೇಲೆ ಕೊಡಗಟ್ಟಲೆ ಸುರಿದರು. ಸರ್ ಹೊರಗೆ ಬಂದು ನಮ್ಮನ್ನು ನೋಡಿದರು. ನೋಡಿ ಒಳಗೆ ಹೋದರು.

ಕೆಲವು ವಾರಗಳಾದ ಮೇಲೆ ಭಾಲ್ಕಿಯಲ್ಲಿ ಒಂದು ಸಂಘದವರು ಭಾಲಚಂದ್ರ ಸರ್ ಅವರಿಗೆ ಶಾಲು ಹೊದಿಸಿದರು. ಮಾತೃಸೇವೆಗೆ. ತಾಯಿಯನ್ನು ತೋಳಲ್ಲಿ ಹೊತ್ತು ಶುಶ್ರೂಷೆ ಮಾಡಿದ ಮಗ ಎಂದು ಹಾವಗೆಪ್ಪ ಮೈಕಿನಲ್ಲಿ ಹೊಗಳಿದ. ಹೊತ್ತು ಎಲ್ಲಿಗೆ ಒಯ್ದ ಎಂದು ಹೇಳಲಿಲ್ಲ. ಜುಲ್ಫೀಕಾರ ಮೊಬೈಲಿನಲ್ಲಿ ಫೋಟೋ ತೋರಿಸಿದ. ಅವ್ವ ನೋಡಿ, "ಸರ್ ಸೊರಗ್ಯಾರ" ಅಂದಳು. ನಾನು ಮೊಬೈಲು ಕಿತ್ತುಕೊಂಡೆ.

ಆ ತಿಂಗಳ ಮೊದಲ ಭಾನುವಾರ ಪ್ರಭು ಭೋಜನ. ಎಲ್ಲರೂ ಎದ್ದರು. ಅವ್ವನೂ ಎದ್ದಳು. ನಾನು ಅವಳ ಹಿಂದೆ ಹೋದೆ. ಪೀಠದ ಕಟಕಟೆಯ ಮುಂದೆ ಸಾಲಾಗಿ ಮೊಣಕಾಲೂರಿದೆವು. ಪಾಸ್ಟರ್ ರೊಟ್ಟಿಯ ತಟ್ಟೆ ಹಿಡಿದು ಬಂದರು. ಅವ್ವ ಎರಡೂ ಕೈ ಚಾಚಿದಳು. ಬಗ್ಗದ ಬೆರಳು ನೆಟ್ಟಗೆ ನಿಂತಿತ್ತು.

"ದೀನಮ್ಮ," ಅಂದರು ಪಾಸ್ಟರ್. "ಒಂದ್ ಮಾತ್ ಅಂದ್ಬಿಡ್ರಿ. ನನಗ ಮಾತ್ರ ಕೇಳ್ಸೋ ಹಂಗ."

ಅವ್ವ ಅನ್ನಲಿಲ್ಲ. ಕೈಯನ್ನೂ ಹಿಂದೆ ತೆಗೆಯಲಿಲ್ಲ. ಹಾಡು ನಿಂತಿತು. ಪಾಸ್ಟರ್ ಅವಳನ್ನು ದಾಟಿ ನನ್ನ ಮುಂದೆ ಬಂದು ನನ್ನ ಅಂಗೈಯಲ್ಲಿ ತುಂಡು ಇಟ್ಟರು.

ನನಗೆ ಆ ರೊಟ್ಟಿಯ ಮೇಲೆ ಅಂಥ ನಂಬಿಕೆ ಯಾವತ್ತೂ ಇರಲಿಲ್ಲ. ಅವತ್ತು ಅದನ್ನು ಮುರಿದೆ. ಅರ್ಧ ಅವ್ವನ ಅಂಗೈಯಲ್ಲಿ ಇಟ್ಟೆ.

"ಎಸ್ತೇರ, ಹಂಗ ಮಾಡಬಾರ್ದು," ಅಂದರು ಪಾಸ್ಟರ್.

"ಮಾಡೇನಿ," ಅಂದೆ.

ಅವ್ವ ಕಣ್ಣು ಮುಚ್ಚಿ ತಿಂದಳು. ನಾನೂ ತಿಂದೆ. ಎದ್ದು, ನಡುವಿನ ದಾರಿಯಲ್ಲಿ, ಎಲ್ಲರ ನಡುವೆ ನಡೆದು ಹೊರಗೆ ಬಂದೆವು.

ನಮ್ಮಿಬ್ಬರ ಹೆಸರನ್ನೂ ಚರ್ಚಿನ ಸಭೆಯಿಂದ ತೆಗೆದರು. ಹೇಳಲು ಕಮಿಟಿಯ ಹಿರಿಯರೊಬ್ಬರು ಮನೆಗೆ ಬಂದರು. ಅವ್ವ ಒಳಗೆ ಕರೀಮ ಸಾಬರ ಕಾಲು ತೊಳೆಯುತ್ತಿದ್ದಳು. ಬೀದರದ ಗಾಂಧಿ ಗಂಜಿನಲ್ಲಿ ಹಮಾಲಿ ಮಾಡುತ್ತಿದ್ದ ಮುದುಕ. ಸಕ್ಕರೆ ರೋಗಕ್ಕೆ ಪಾದ ಕೊಳೆತಿತ್ತು. ನಾನು ಬೋಗುಣಿ ಹಿಡಿದಿದ್ದೆ. ಹಿರಿಯರು ಹೊಸ್ತಿಲಾಚೆ ನಿಂತು ಮೂಗು ಮುಚ್ಚಿಕೊಂಡೇ ಸುದ್ದಿ ಹೇಳಿದರು.

"ಕೀವು ಅದ ಕೈಯಾಗ," ಅಂದಳು ಅವ್ವ. "ತೊಳ್ಕೊಂಡು ಬರ್ತೇನಿ. ಒಳಗ ಬಂದು ಕೂಡ್ರಿ."

ಅವರು ಬರಲಿಲ್ಲ.